ಹೊಸಬನ ಹಕ್ಕು

ಅಕ್ಕನ ಮಗ ಲಂಡನ್ನಿಗೆ ಹೊರಟಿದ್ದಾನೆ. ಕಂಪನಿಯವರು ಕಳಿಸುತ್ತಿದ್ದಾರೆ. ಬೆಳಿಗ್ಗೆ ನಾನು ಚಹಾ ಕುಡಿಯುತ್ತ ಕೂತಿದ್ದಾಗ, ಮೊದಲೇ ಹೋಗಿಬಂದ ಯಾರೋ ಬರೆದುಕೊಟ್ಟ ಸಲಹೆಗಳ ಹಾಳೆ ಹಿಡಿದು ಬಂದು ಓದತೊಡಗಿದ. ಎಸ್ಕಲೇಟರಿನಲ್ಲಿ ಬಲಕ್ಕೆ ನಿಲ್ಲಬೇಕು. ಬಸ್ಸಿನಲ್ಲಿ ರೊಕ್ಕ ತಗೊಳ್ಳುವುದಿಲ್ಲ, ಕಾರ್ಡು ಮುಟ್ಟಿಸಬೇಕು. ಕೊಡೆ ಇಲ್ಲದೆ ಹೊರಬೀಳಬಾರದು. ಇರಲಿ, ಇವನ್ನೆಲ್ಲ ಒಂದು ಮಳೆ, ಒಂದು ಬೈಗುಳ ತಾನೇ ಕಲಿಸುತ್ತವೆ. ಆಮೇಲೆ ಬಂತು ನೋಡಿ: 'ಹೊಸಬರೆಂದು ತೋರಗೊಡಬೇಡಿ. ನಕ್ಷೆ ಬಿಚ್ಚಿ ನಿಲ್ಲಬೇಡಿ. ಕಟ್ಟಡಗಳತ್ತ ತಲೆ ಎತ್ತಿ ನೋಡುತ್ತ ನಡೆಯಬೇಡಿ. ಊರವರ ಹಾಗೆಯೇ ಇರಿ.'

"ತಲಿ ಎತ್ತಿ ನೋಡಬಾರದಂದ್ರ ಅಷ್ಟು ದೂರ ಯಾಕ ಹೊಂಟೀಯಪಾ?" ಎಂದೆ.

"ಹಂಗಲ್ಲ ಮಾಮಾ, ಹೊಸಬಾ ಅಂತ ಗೊತ್ತಾದ್ರ ಮೋಸ ಮಾಡತಾರಂತ."

ಹುಡುಗ ಒಳಗೆ ಹೋದ. ನನ್ನ ಚಹಾ ಆರಿತು, ಸಿಟ್ಟು ಆರಲಿಲ್ಲ. ಊರವರ ಹಾಗೆ ಇರಲು ಹೊರಟ ಪ್ರವಾಸಿಗಳನ್ನು ನಾವು ಕಂಡಿಲ್ಲವೇ? ದಕ್ಷಿಣದ ಕಡೆಯಿಂದ ಬರುವ ಕೆಲವರು ಸಿನಿಮಾದಲ್ಲಿ ನಮ್ಮ ಮಾತು ಕಲಿತು, ಖಾನಾವಳಿಯ ಹಿರಿಯರನ್ನು 'ಏನಲೇ' ಎಂದು ಕರೆದು, ಅಪ್ಪಟ ವಿಜಯಪುರದವರಾದೆವೆಂದು ಬೀಗುತ್ತಾರೆ. ಆ ಹಿರಿಯರು ಬಾಯಿ ಬಿಡುವುದಿಲ್ಲ. ಎರಡನೇ ಸಲ ಎಣ್ಣೆಗಾಯಿ ಕೇಳಿದಾಗ "ಮುಗದಾದ" ಎನ್ನುತ್ತಾರೆ, ಅಷ್ಟೇ. ಪಕ್ಕದ ಟೇಬಲ್ಲಿನಲ್ಲಿ ತಡವರಿಸುತ್ತ "ಇದೇನ್ರೀ?" ಎಂದು ಅಗಸಿ ಚಟ್ನಿ ತೋರಿಸಿದವನ ತಾಟಿಗೆ ಮಾತ್ರ ಕೇಳದೆಯೇ ಮೊಸರು ಬಂದು ಬೀಳುತ್ತದೆ.

ಹೊಸತನವೇ ಪ್ರವಾಸಿಯ ಬಂಡವಾಳ. ಅದನ್ನು ಮುಚ್ಚಿಡು ಎಂದು ಯಾರಾದರೂ ಬುದ್ಧಿ ಹೇಳುತ್ತಾರೆಯೇ? ಬೇಕಾದರೆ ಸಿಂದಗಿಯ ಬಸ್ ನಿಲ್ದಾಣಕ್ಕೆ ಹೋಗಿ ಪರೀಕ್ಷೆ ಮಾಡಿ. ಗೊತ್ತಿದ್ದವನ ಹಾಗೆ ಮುಖ ಬಿಗಿದುಕೊಂಡು ನಿಂತರೆ ಗೋಲಗೇರಿ ಬಸ್ಸು ನಿಮ್ಮ ಮುಂದೆಯೇ ತುಂಬಿ ಹೋಗುತ್ತದೆ. "ನಾ ಈ ಕಡಿ ಹೊಸಬ್ರೀ, ಗೊಲ್ಲಾಳೇಶ್ವರನ ಗುಡಿಗಿ ಹೋಗಬೇಕು" ಎಂದು ಒಂದು ಮಾತು ಅಂದು ನೋಡಿ, ನಿಲ್ದಾಣವೇ ನಿಮ್ಮ ಜವಾಬ್ದಾರಿ ಹೊತ್ತುಕೊಳ್ಳುತ್ತದೆ. ಒಬ್ಬ ನಿಮ್ಮ ಚೀಲ ಹಿಡಿಯುತ್ತಾನೆ, ಇನ್ನೊಬ್ಬ ತನ್ನ ಹೆಗಲ ಮೇಲಿನ ಟವೆಲ್ಲನ್ನೇ ಕಿಟಕಿಯಿಂದ ಒಗೆದು ನಿಮಗೆ ಸೀಟು ಹಿಡಿಯುತ್ತಾನೆ. ತನಗೆ ಹಿಡಿದ ಸೀಟಿಗೆ ಜಗಳಾಡದಿದ್ದರೂ ನಿಮಗೆ ಹಿಡಿದ ಸೀಟಿಗೆ ಜಗಳಾಡುತ್ತಾನೆ.

ಇದಕ್ಕೆ ಕೊಡಬೇಕಾದ ಬಾಡಿಗೆಯೂ ಉಂಟು. "ಯಾವೂರ ಆತ್ರೀ ನಿಮ್ದು? ಯಾರ ಪೈಕಿ?" ಮುದ್ದೇಬಿಹಾಳದಲ್ಲಿ ಕೂತರೆ ತಂಗಡಗಿ ದಾಟುವುದರೊಳಗೆ ನಿಮ್ಮ ಸಂಬಳ, ಹೊಲ, ಮಕ್ಕಳಿಲ್ಲದ್ದಕ್ಕೆ ಕಾರಣ ಎಲ್ಲ ಹೊರಬಿದ್ದಿರುತ್ತದೆ. ತಮಾಷೆಯೆಂದರೆ, ಇವನು ಯಾರೆಂದು ಕೇಳಗೊಡದೆ ನಮ್ಮವನೇ ಅನ್ನಿಸು ಎಂದು ದೇವರಲ್ಲಿ ಬೇಡಿಕೊಂಡ ಬಸವಣ್ಣ ಹುಟ್ಟಿದ್ದು ನಮ್ಮದೇ ಜಿಲ್ಲೆಯಲ್ಲಿ. ಎಂಟುನೂರು ವರ್ಷ ದಾಟಿದರೂ ಬಸವನ ಬಾಗೇವಾಡಿಯ ಬಸ್ಸಿನಲ್ಲಿ ಮೊದಲ ಪ್ರಶ್ನೆ ಅದೇ. ಆದರೆ ನಮ್ಮವರ ಪರವಾಗಿ ಒಂದು ಮಾತು ಹೇಳಬೇಕು: ಉತ್ತರ ಏನೇ ಬಂದರೂ ಹೇಗೋ ಸಂಬಂಧ ಹಚ್ಚದೆ ಬಿಡುವುದಿಲ್ಲ. "ಮೈಸೂರೇನ್ರೀ? ನಮ್ಮ ತಮ್ಮನ ಸಾಹೇಬ್ರು ಅಲ್ಲಿಯವ್ರೇ!"

ಬಂದವರ ಆರೈಕೆ ಇಲ್ಲಿ ನಿನ್ನೆ ಮೊನ್ನೆ ಶುರುವಾದದ್ದಲ್ಲ. ಇಂಡಿ ಎಂದರೆ ಲಿಂಬೆ ಎಂದು ಎಲ್ಲರಿಗೂ ಗೊತ್ತು, ಅದನ್ನು ನಾನು ಹೇಳಬೇಕಿಲ್ಲ. ಅದೇ ತಾಲ್ಲೂಕಿನ ಸಾಲೋಟಗಿಯ ಕ್ರಿ.ಶ. 945ರ ಶಾಸನ ನೋಡಿ. ರಾಷ್ಟ್ರಕೂಟರ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಎಂಬವನು ಕಟ್ಟಿಸಿದ ಶಾಲೆಗೆ ನಾನಾ ನಾಡುಗಳಿಂದ ಬರುವ ವಿದ್ಯಾರ್ಥಿಗಳು ಇಳಿದುಕೊಳ್ಳಲು 27 ಮನೆ, ದೀಪದ ಖರ್ಚಿಗೆಂದೇ 12 ನಿವರ್ತನ ಭೂಮಿ. ಓದಲು ಬಂದ ಆ ಹುಡುಗರಿಗೆ 'ಊರವರಂತೆ ನಟಿಸಿ' ಎಂದು ಯಾರಾದರೂ ಹಾಳೆ ಕೊಟ್ಟಿದ್ದರೆ, ಪಾಪ, ಕತ್ತಲಲ್ಲೇ ಓದಬೇಕಾಗುತ್ತಿತ್ತು.

ಹುಡುಗನ ಹಾಳೆಯಲ್ಲಿ ಇಲ್ಲದ ಸಲಹೆ ನನ್ನ ಹತ್ತಿರವಿದೆ. ಸೇಂಟ್ ಪಾಲ್ಸ್ ಚರ್ಚಿನ ಗುಮ್ಮಟದ ಕೆಳಗೆ ಅವನು ಬೇಕೆಂದೇ ತಲೆ ಎತ್ತಿ, ಬಾಯಿ ತೆರೆದು ನಿಲ್ಲಬೇಕು. ನಮ್ಮ ವಿಜಯಪುರದ ಗೋಳಗುಮ್ಮಟದ ಹಾಗೆ ಅಲ್ಲಿಯೂ ಪಿಸುಮಾತಿನ ಗ್ಯಾಲರಿ ಇದೆ. ಆ ಚರ್ಚು ಪೂರ್ತಿಯಾದದ್ದು 1710ರ ಸುಮಾರಿಗೆ. ನಮ್ಮ ಗೋಳಗುಮ್ಮಟ 1656ಕ್ಕೇ ಮುಗಿದಿತ್ತು ಎಂದು ಪಕ್ಕದವರಿಗೆ ಮೆಲ್ಲಗೆ ಹೇಳಬೇಕು. ಆಮೇಲೆ ಥೇಮ್ಸ್ ದಂಡೆಗೆ ನಡೆಯಬೇಕು. ಲ್ಯಾಂಬೆತ್‌ನ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ ಬಸವಣ್ಣನ ಪ್ರತಿಮೆ ಇದೆ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದರು. ಹಿಂದೆ ನಿಂತು ದುಡಿದವರು ಅಲ್ಲಿ ಮೇಯರ್ ಆಗಿದ್ದ ಕಲಬುರಗಿ ಕಡೆಯ ನೀರಜ್ ಪಾಟೀಲ. ಬಾಗೇವಾಡಿ ಬಿಟ್ಟಮೇಲೆ ಕೂಡಲಸಂಗಮ, ಮಂಗಳವೇಢೆ, ಕಲ್ಯಾಣ ಎಂದು ಬೇರೆಯವರ ಊರುಗಳಲ್ಲೇ ಆಯುಷ್ಯ ಕಳೆದವನಿಗೆ ಇದೂ ಇನ್ನೊಂದು ಹೊಸ ಊರು. ಅವನಂತೂ ಊರವರ ಹಾಗೆ ಕಾಣಲು ಹೋಗಿಲ್ಲ.

ಅಲ್ಲಿ ಯಾರಾದರೂ ನಮ್ಮವರೇ ಎದುರು ನಿಂತು "ಯಾವೂರ ಆತ್ರೀ?" ಎಂದು ಕೇಳಿದರೆ ಅಣ್ಣ ಏನು ಹೇಳಿಯಾನು? ಬಾಗೇವಾಡಿ ಎಂದರೆ ಇಂಗಳೇಶ್ವರದವರು ಸುಮ್ಮನಿರುವುದಿಲ್ಲ. ಅದು ತಾಯಿ ಮಾದಲಾಂಬಿಕೆಯ ತವರು, ಹೆರಿಗೆ ಆಗುವುದು ತವರಿನಲ್ಲೇ ಅಲ್ಲವೇ, ಬಸವಣ್ಣ ಹುಟ್ಟಿದ್ದು ನಮ್ಮಲ್ಲಿ ಎನ್ನುತ್ತಾರೆ. ಪಂಡಿತರು ಇದಕ್ಕೆ ಶಾಸನ, ಪುರಾಣ ಎಲ್ಲ ತಿರುವಿ ಹಾಕಿದ್ದಾರೆ. ನಮ್ಮ ಅಕ್ಕನನ್ನು ಕೇಳಿದರೆ ಒಂದೇ ಮಾತಿನಲ್ಲಿ ತೀರ್ಮಾನ: "ತವರಿಗಿ ಕಳಸೂದು ಚೊಚ್ಚಲ ಬಾಣಂತನಕ್ಕ. ಅಣ್ಣಗ ಮೊದಲ ಅಕ್ಕ ನಾಗಮ್ಮ ಹುಟ್ಟಿದ್ಲಲ್ಲ? ಎರಡನೇದು ಗಂಡನ ಮನ್ಯಾಗ ಆಗಿರತೈತಿ, ತಗಿ." ಹಾಗಾದರೆ ಇಂಗಳೇಶ್ವರದ ಪಾಲಿಗೆ ನಾಗಮ್ಮ ಬಂದಳು. ಆದರೆ ಆಕೆ ನಮ್ಮೂರಲ್ಲಿ ಹುಟ್ಟಿದವಳು ಎಂದು ಯಾವ ಊರಿನವರೂ ಜಗಳಕ್ಕೆ ಬಂದದ್ದನ್ನು ನಾನಂತೂ ಕೇಳಿಲ್ಲ.