ಕೈರುಚಿ

ಉತ್ತರ ಕನ್ನಡದ ಕರಾವಳಿಯಲ್ಲಿ, ಭಟ್ಕಳಕ್ಕೆ ಸಮೀಪವಾಗಿ, ತೆಂಗಿನಗುಂಡಿ ಎಂಬ ಊರಿದೆ. ಒಂದು ಕಡೆ ಕಡಲು, ದೋಣಿ, ಬಲೆ. ಇನ್ನೊಂದು ಕಡೆ ತೆಂಗಿನ ನೆರಳು. ಹೆಸರಿನಲ್ಲಿಯೇ ತೆಂಗನ್ನು ಹೊತ್ತ ಈ ಊರಿನಲ್ಲಿ ಕಾಯಿಯಿಲ್ಲದ ಅಡುಗೆಯನ್ನು ಊಹಿಸುವುದು ಕಷ್ಟ. ತುರಿದ ಕಾಯಿಯನ್ನು ಮೆಣಸು, ಕೊತ್ತಂಬರಿಗಳೊಡನೆ ನುಣ್ಣಗೆ ಅರೆದು ಬೆರೆಸಿದಾಗಲೇ ಸಾರಿಗೆ ಮೈ ಬರುತ್ತದೆ. ಈ ಕಾಯಿ ಅಡುಗೆಮನೆಯ ಹೊಸ್ತಿಲನ್ನು ದಾಟಿ ವಿದ್ವಾಂಸರ ಸಭೆಗೂ ಹೋಗಿ ಕುಳಿತಿದೆ ಎಂದರೆ ಯಾರಿಗಾದರೂ ಅಚ್ಚರಿಯಾದೀತು.

ಆದರೆ ಅದು ನಿಜ. ನಮ್ಮ ಕಾವ್ಯಮೀಮಾಂಸಕರು ಕವಿತೆಯ ಬಗೆಗಳನ್ನು ಹೇಳುವಾಗ ದ್ರಾಕ್ಷಾಪಾಕ, ಕದಳೀಪಾಕ, ನಾರಿಕೇಳಪಾಕ ಎಂಬ ಮಾತುಗಳನ್ನು ಬಳಸಿದರು. ಬಾಯಿಗಿಟ್ಟೊಡನೆ ಕರಗುವ ದ್ರಾಕ್ಷಿಯಂತೆ ಓದಿದೊಡನೆ ಅರ್ಥವಾಗುವ ಕವಿತೆ ಒಂದು ಬಗೆ. ಸಿಪ್ಪೆ ಸುಲಿಯುವಷ್ಟು ಶ್ರಮವನ್ನು ಬೇಡುವ ಬಾಳೆಯಂಥದು ಇನ್ನೊಂದು. ಗಟ್ಟಿಯಾದ ಕರಟವನ್ನು ಒಡೆದವನಿಗೆ ಮಾತ್ರ ಒಳಗಿನ ಸಿಹಿಯನ್ನು ಕೊಡುವ ತೆಂಗಿನಕಾಯಿಯಂಥದು ಮತ್ತೊಂದು. ಇಷ್ಟೇ ಅಲ್ಲ. ಕಲೆಯ ಪ್ರಾಣವೆಂದು ನಾವು ಕರೆಯುವ ರಸವೆಂಬ ಮಾತೂ ನಾಲಗೆಯ ಅನುಭವದಿಂದ ಬಂದದ್ದೇ. ಬೆಲ್ಲ, ಮಸಾಲೆ ಮೊದಲಾದ ಹಲವು ದ್ರವ್ಯಗಳು ಕೂಡಿ ಭೋಜನದಲ್ಲಿ ರಸ ಹುಟ್ಟುವಂತೆ, ಹಲವು ಭಾವಗಳು ಕೂಡಿ ನಾಟ್ಯದಲ್ಲಿ ರಸ ಹುಟ್ಟುತ್ತದೆಯೆಂದು ಭರತಮುನಿ ನಾಟ್ಯಶಾಸ್ತ್ರದಲ್ಲಿ ವಿವರಿಸಿದ್ದಾನೆ. ಕಲೆ ಅಡುಗೆಮನೆಯಿಂದ ಸಾಲ ತಂದಿತು. ಆ ಸಾಲವನ್ನು ತೀರಿಸಿತೇ?

ತೀರಿಸಿತು ಎನ್ನುವುದಕ್ಕೆ ನಳನ ಕಥೆಯೇ ಸಾಕ್ಷಿ. ಮಹಾಭಾರತದ ವನಪರ್ವದಲ್ಲಿ ಬರುವ ಈ ಕಥೆಯಲ್ಲಿ, ಸ್ವಯಂವರದ ದಿನ ದೇವತೆಗಳು ನಳನಿಗೆ ವರಗಳನ್ನು ಕೊಡುತ್ತಾರೆ. ನೆನೆದಲ್ಲಿ ಬೆಂಕಿ ಅಗ್ನಿಯಿಂದ, ನೆನೆದಲ್ಲಿ ನೀರು ವರುಣನಿಂದ, ಅನ್ನದ ರುಚಿ ಯಮನಿಂದ ದೊರೆಯುತ್ತವೆ. ಮುಂದೆ ಜೂಜಿನಲ್ಲಿ ರಾಜ್ಯವನ್ನು ಕಳೆದುಕೊಂಡು, ಮಡದಿಯಿಂದ ಅಗಲಿ, ರೂಪವನ್ನೂ ಕಳೆದುಕೊಂಡ ನಳ ಬಾಹುಕನೆಂಬ ಹೆಸರಿನಿಂದ ಅಯೋಧ್ಯೆಯ ಋತುಪರ್ಣನ ಬಳಿ ಸೇವಕನಾಗುತ್ತಾನೆ. ರಾಜನ ರಥವನ್ನು ನಡೆಸುತ್ತ ಅವನು ವಿದರ್ಭಕ್ಕೆ ಬಂದಾಗ ದಮಯಂತಿಗೆ ಸಂಶಯ ಹುಟ್ಟುತ್ತದೆ. ಕಣ್ಣಿಗೆ ಕಾಣುವ ಕುರೂಪಿ ತನ್ನ ಪತಿಯಂತಿಲ್ಲ. ಆಗ ಅವಳು ಕೇಶಿನಿಯೆಂಬ ಸಖಿಯ ಮೂಲಕ ಬಾಹುಕನು ಬೇಯಿಸಿದ ಮಾಂಸದ ಅಡುಗೆಯನ್ನು ತರಿಸಿ ಬಾಯಿಗಿಡುತ್ತಾಳೆ. ಕಣ್ಣು ಗುರುತಿಸಲಾರದವನನ್ನು ನಾಲಗೆ ಗುರುತಿಸುತ್ತದೆ. ಮುಖ ಬದಲಾಗಿತ್ತು, ಹೆಸರು ಬದಲಾಗಿತ್ತು, ಕೈರುಚಿ ಬದಲಾಗಿರಲಿಲ್ಲ.

ಈ ಕಥೆಯಿಂದಲೇ ಒಳ್ಳೆಯ ಅಡುಗೆಗೆ ನಳಪಾಕವೆಂಬ ಹೆಸರು ಬಂದಿತು. ವಿರಾಟನ ಅರಮನೆಯಲ್ಲಿ ವಲಲನೆಂಬ ಹೆಸರಿನಿಂದ ಬಾಣಸಿಗನಾಗಿದ್ದ ಭೀಮನಿಂದ ಭೀಮಪಾಕವೆಂಬ ಮಾತು ಹುಟ್ಟಿತು. ಹೊನ್ನಾವರ, ಕುಮಟ, ಭಟ್ಕಳಗಳ ಜನಕ್ಕೆ ಈ ಇಬ್ಬರು ಅಡುಗೆಯವರೂ ಯಕ್ಷಗಾನದ ರಂಗಸ್ಥಳದಲ್ಲಿ ಪರಿಚಿತರು. ಕಥೆಯ ಪ್ರಭಾವ ಮಾತಿಗೇ ನಿಲ್ಲಲಿಲ್ಲ. ‘ಪಾಕದರ್ಪಣ’ವೆಂಬ ಸಂಸ್ಕೃತದ ಪಾಕಶಾಸ್ತ್ರ ಗ್ರಂಥವು ನಳನ ಹೆಸರಿನಲ್ಲಿಯೇ ಪ್ರಚಾರದಲ್ಲಿದೆ. ಕಾವ್ಯದ ಪಾತ್ರವೊಂದು ಅಡುಗೆಯ ಪುಸ್ತಕಕ್ಕೆ ಕರ್ತೃವಾಯಿತು!

ಕನ್ನಡದಲ್ಲಿ ಪಾಕವೇ ಪದ್ಯವಾದುದೂ ಉಂಟು. ಸುಮಾರು 1508ರಲ್ಲಿ ಕಲ್ಲಹಳ್ಳಿಯ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲಿ ರಚಿಸಿದನು. ಹಿಟ್ಟಿನ ತಿಂಡಿ, ಪಾನಕ, ಅನ್ನದ ಬಗೆಗಳು, ಬದನೆ, ಹಲಸು, ಬಾಳೆಗಳ ಪದಾರ್ಥಗಳು, ಇವೆಲ್ಲ ಅಲ್ಲಿ ಛಂದಸ್ಸಿನ ಲಯಕ್ಕೆ ಹೆಜ್ಜೆಯಿಡುತ್ತವೆ. ಜೈನಕವಿಯ ಕೃತಿಯಾದುದರಿಂದ ಅದು ಶಾಕಾಹಾರದ ಪಾಕಗಳಿಗೆ ಮೀಸಲು. ಅಡುಗೆಯ ವಿಧಾನವನ್ನು ಪದ್ಯದಲ್ಲಿ ಏಕೆ ಹೇಳಬೇಕು? ಪದ್ಯ ನೆನಪಿನಲ್ಲಿ ನಿಲ್ಲುತ್ತದೆ. ನೆನಪಿನಲ್ಲಿ ನಿಂತದ್ದು ಕೈಯಿಂದ ಕೈಗೆ ಸಾಗುತ್ತದೆ.

ಕಲೆಯಿಂದ ಅಡುಗೆ ಹುಟ್ಟುವುದು ನಮ್ಮ ನಾಡಿನ ಸಂಗತಿ ಮಾತ್ರವಲ್ಲ. 1890ರ ದಶಕದಲ್ಲಿ ಲಂಡನ್ನಿನ ಸವಾಯ್ ಹೋಟೆಲಿನಲ್ಲಿ ಎಸ್ಕಾಫಿಯೇ ಎಂಬ ಪ್ರಸಿದ್ಧ ಫ್ರೆಂಚ್ ಬಾಣಸಿಗನಿದ್ದನು. ನೆಲ್ಲಿ ಮೆಲ್ಬಾ ಎಂಬ ಆಸ್ಟ್ರೇಲಿಯದ ಗಾಯಕಿ ಆಗ ವಾಗ್ನರನ ‘ಲೋಹೆನ್‌ಗ್ರಿನ್’ ಗೀತನಾಟಕದಲ್ಲಿ ಹಾಡುತ್ತಿದ್ದಳು. ಆ ನಾಟಕದ ವೀರನು ಹಂಸವು ಎಳೆಯುವ ದೋಣಿಯಲ್ಲಿ ಬರುತ್ತಾನೆ. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಎಸ್ಕಾಫಿಯೇ ಮಂಜುಗಡ್ಡೆಯಲ್ಲಿ ಹಂಸವನ್ನು ಕೆತ್ತಿಸಿ, ಅದರ ರೆಕ್ಕೆಗಳ ನಡುವೆ ಬೆಳ್ಳಿಯ ಬಟ್ಟಲನ್ನಿಟ್ಟು, ವೆನಿಲಾ ಐಸ್‌ಕ್ರೀಮಿನ ಮೇಲೆ ಪೀಚ್ ಹಣ್ಣುಗಳನ್ನು ಇರಿಸಿ ಗಾಯಕಿಗೆ ಅರ್ಪಿಸಿದನು. ಮುಂದೆ ಅದಕ್ಕೆ ರಾಸ್‌ಬೆರಿ ಹಣ್ಣಿನ ರಸವೂ ಸೇರಿ ‘ಪೀಚ್ ಮೆಲ್ಬಾ’ ಎಂಬ ಹೆಸರು ನಿಂತಿತು. ನಳ ದಮಯಂತಿಯರ ನಡುವೆ ಪ್ರೇಮದ ದೂತನಾಗಿ ಹಾರಿದ್ದೂ ಹಂಸವೇ ಎಂಬುದನ್ನು ನೆನೆದರೆ, ದೂರದ ಎರಡು ಕಲ್ಪನೆಗಳು ಒಂದೇ ಹಕ್ಕಿಯ ರೆಕ್ಕೆಯಡಿ ಸೇರಿದಂತೆ ತೋರುತ್ತದೆ. ಮಂಜಿನ ಹಂಸ ಆ ರಾತ್ರಿಯೇ ಕರಗಿ ನೀರಾಯಿತು. ಉಳಿದದ್ದು ತಿನಿಸಿನ ವಿಧಾನ ಮತ್ತು ಹೆಸರು.

ಹೆಸರು ಉಳಿಯದ ಕಲಾವಿದರೂ ಇದ್ದಾರೆ. ಘಟ್ಟದ ಮೇಲಿನ ಶಿರಸಿ ಸೀಮೆಯಲ್ಲಿ ತೊಡೆದೇವು ಎಂಬ ತಿನಿಸುಂಟು. ಬೋರಲಿಟ್ಟ ಮಡಕೆಯನ್ನು ಕಾಯಿಸಿ, ಅಕ್ಕಿಯನ್ನು ಕಬ್ಬಿನ ಹಾಲಿನೊಡನೆ ಅರೆದ ತೆಳುವಾದ ಹಿಟ್ಟಿನಲ್ಲಿ ಬಟ್ಟೆ ಸುತ್ತಿದ ಕೋಲನ್ನು ಅದ್ದಿ, ಒಂದೇ ಬೀಸಿನಲ್ಲಿ ಮಡಕೆಯ ಮೈಗೆ ತೊಡೆಯಬೇಕು. ಕ್ಷಣದಲ್ಲಿ ಕಾಗದದಷ್ಟು ತೆಳುವಾದ ಹಾಳೆ ಏಳುತ್ತದೆ. ಅದೇ ಸೀಮೆಯ ದೀವರ ಹೆಣ್ಣುಮಕ್ಕಳು ಅಕ್ಕಿಯನ್ನೇ ಅರೆದು, ಪುಂಡಿನಾರಿನ ಕುಂಚದಿಂದ ಕೆಮ್ಮಣ್ಣಿನ ಗೋಡೆಯ ಮೇಲೆ ಹಸೆಚಿತ್ತಾರವನ್ನು ಬರೆಯುತ್ತಾರೆ. ಅಲ್ಲಿ ಗೋಡೆ, ಇಲ್ಲಿ ಮಡಕೆ. ದ್ರವ್ಯ ಒಂದೇ ಅಕ್ಕಿ, ಬೇಕಾದ ಗುಣ ಒಂದೇ ಹದ. ಆದರೂ ಒಂದನ್ನು ಕಲೆಯೆಂದು ಕರೆದು ಮತ್ತೊಂದನ್ನು ಮನೆಗೆಲಸವೆನ್ನುವುದು ಲೋಕದ ರೂಢಿ. ಇದು ನ್ಯಾಯವೇ?

ಹದವೆಂಬುದು ಬರಹಕ್ಕೆ ಸುಲಭವಾಗಿ ಸಿಕ್ಕುವ ವಸ್ತುವಲ್ಲ. ತೆಂಗಿನಗುಂಡಿಯಂಥ ಊರಿನ ತಾಯಿ ಮೀನಿನ ಸಾರಿಗೆ ಹುಳಿಯನ್ನು ಅಳೆದು ಹಾಕುವುದಿಲ್ಲ. ಉಪ್ಪನ್ನು ತೂಗುವುದಿಲ್ಲ. ಸಾರು ಕುದಿಯುವ ಸದ್ದಿನಿಂದಲೂ ಪರಿಮಳದಿಂದಲೂ ಅವಳಿಗೆ ಹದ ತಿಳಿಯುತ್ತದೆ. ಆ ತಿಳಿವಳಿಕೆ ಅವಳಿಗೆ ತನ್ನ ತಾಯಿಯಿಂದ, ಆ ತಾಯಿಗೆ ಅವಳ ಹಿರಿಯರಿಂದ ಬಂದದ್ದು. ಯಾರೂ ಕೇಳದೆ, ಯಾರೂ ಕಲಿಯದೆ ಹೋದರೆ, ಒಂದು ಕೈ ನಿಂತ ದಿನ ಒಂದು ರುಚಿಯೂ ಲೋಕದಿಂದ ಮರೆಯಾಗುತ್ತದೆ. ಶಿಲ್ಪ ಭಗ್ನವಾದರೆ ಚೂರುಗಳಾದರೂ ಉಳಿಯುತ್ತವೆ. ರುಚಿ ಅಳಿದರೆ ಕುರುಹೂ ಉಳಿಯದು.

ಆದುದರಿಂದಲೇ ಮಂಗರಸನ ಕೆಲಸ ದೊಡ್ಡದು. ಅವನ ಷಟ್ಪದಿಗಳಿಂದ ಐನೂರು ವರ್ಷಗಳ ಹಿಂದಿನ ಅಡುಗೆಮನೆಯ ಬಾಗಿಲು ಇಂದಿಗೂ ನಮಗೆ ತೆರೆದಿದೆ. ಆದರೆ ಬರೆದಿಡುವವನಿಗಿಂತ ಮೊದಲು ಗುರುತಿಸುವವರು ಬೇಕು. ನಳನ ಅಡುಗೆಯನ್ನು ಋತುಪರ್ಣನ ಅರಮನೆಯಲ್ಲಿಯೂ ಉಂಡವರು ಇದ್ದಿರಬೇಕು. ಉಂಡು ಕೈತೊಳೆದರು, ಅಷ್ಟೇ. ದಮಯಂತಿ ಮಾತ್ರ ಒಂದು ತುತ್ತಿನಲ್ಲಿ ಅದನ್ನು ಮಾಡಿದವನನ್ನು ಕಂಡಳು. ದಿನವೂ ಎರಡು ಹೊತ್ತು ಎಲೆಯ ಮುಂದೆ ಕುಳಿತುಕೊಳ್ಳುವ ಪ್ರತಿಯೊಬ್ಬರಿಗೂ ಅವಳ ಆ ನಾಲಗೆಯನ್ನು ಪಡೆಯುವ ಅವಕಾಶವಿದೆ.