ದಿಗ್ವ್ರತವೂ ಒಂದು ಪ್ರವಾಸದ ಸಿದ್ಧತೆಯೂ

ಶ್ರಾವಕನ ಹನ್ನೆರಡು ವ್ರತಗಳಲ್ಲಿ ಐದು ಅಣುವ್ರತಗಳ ಮಾತು ನಮ್ಮ ಮನೆಮನೆಗಳಲ್ಲಿ ಕೇಳಿಬರುತ್ತದೆ. ಅವುಗಳ ಬೆನ್ನಿಗೆ ಬರುವ ಗುಣವ್ರತಗಳ ಮಾತು ಅಷ್ಟಾಗಿ ಕೇಳಿಬರುವುದಿಲ್ಲ. ಹತ್ತು ದಿಕ್ಕುಗಳಲ್ಲಿ ತಾನು ಇಷ್ಟು ದೂರವಷ್ಟೇ ಹೋಗುವೆನೆಂದು ಜೀವಮಾನಕ್ಕೆ ಮೇರೆ ಹಾಕಿಕೊಳ್ಳುವ ದಿಗ್ವ್ರತವಂತೂ ವಿಮಾನಗಳ ಈ ಕಾಲದಲ್ಲಿ ಗ್ರಂಥದ ಹಾಳೆಗಳಲ್ಲಿಯೇ ಉಳಿದಿದೆಯೆಂದು ಅನೇಕರು ಭಾವಿಸಿದ್ದಾರೆ. ಬಾಗಲಕೋಟೆಯ ಬಳಿಯ ಶಿರೂರಿನ ಒಂದು ಮನೆಯಲ್ಲಿ ಈಚೆಗೆ ಒಂದು ಪ್ರವಾಸದ ಸಿದ್ಧತೆ ನಡೆದಾಗ, ಅದು ಗ್ರಂಥದಿಂದ ಇಳಿದು ಬಂದು ಪಡಸಾಲೆಯಲ್ಲಿಯೇ ಕುಳಿತುಕೊಂಡಿತು.

ಆ ಮನೆಯ ಯಜಮಾನರು ಹೈಸ್ಕೂಲಿನಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಭೂಗೋಲ ಕಲಿಸಿ ನಿವೃತ್ತರಾದವರು. ಊರಿನವರಿಗೆ ಇಂದಿಗೂ ಅವರು ಮಾಸ್ತರರೇ. ನಕಾಶೆಯ ಮುಂದೆ ನಿಂತು ಅವರು ಮಕ್ಕಳಿಗೆ ಒಂದು ಒಗಟು ಹಾಕುತ್ತಿದ್ದರು: ‘ಸಮುದ್ರವಿಲ್ಲದ ದೇಶಗಳು ಬಹಳ ಇವೆ. ತನಗೂ ಸಮುದ್ರವಿಲ್ಲ, ತನ್ನ ನೆರೆಯವರಿಗೂ ಸಮುದ್ರವಿಲ್ಲ ಎನ್ನುವಂತಹ ದೇಶ ಯಾವುದು?’ ಜಗತ್ತಿನಲ್ಲಿ ಅಂತಹವು ಎರಡೇ. ಒಂದು ಉಜ್ಬೇಕಿಸ್ತಾನ; ಇನ್ನೊಂದು ಆಲ್ಪ್ಸ್ ಪರ್ವತಗಳ ಮಡಿಲಲ್ಲಿ, ಸ್ವಿಟ್ಜರ್ಲೆಂಡ್ ಮತ್ತು ಆಸ್ಟ್ರಿಯಾಗಳ ನಡುವೆ, ರೈನ್ ನದಿಯ ದಂಡೆಗೆ ಅಂಟಿಕೊಂಡಿರುವ ಲೀಖ್ಟೆನ್‌ಸ್ಟೈನ್. ಅದರ ವಿಸ್ತೀರ್ಣ 160 ಚದರ ಕಿಲೋಮೀಟರು, ಉದ್ದ ಸುಮಾರು 25 ಕಿಲೋಮೀಟರು, ಜನಸಂಖ್ಯೆ ಹೆಚ್ಚುಕಡಿಮೆ 40,000. ಬಾಗಲಕೋಟೆ ಜಿಲ್ಲೆಯೊಂದರಲ್ಲಿಯೇ ಅಂತಹ ನಲವತ್ತು ದೇಶಗಳು ಹಿಡಿಸುತ್ತವೆ ಎಂದಾಗ ಮಕ್ಕಳು ನಗುತ್ತಿದ್ದರು. ಮಾಸ್ತರರು ನಗುತ್ತಿರಲಿಲ್ಲ. 1866ರ ಯುದ್ಧಕ್ಕೆ ಹೋದ ಅದರ ಸಣ್ಣ ದಂಡು ಒಬ್ಬನನ್ನೂ ಕಳೆದುಕೊಳ್ಳದೆ ಹಿಂದಿರುಗಿತು. 1868ರಲ್ಲಿ ಆ ದೇಶ ದಂಡನ್ನೇ ವಿಸರ್ಜಿಸಿತು, ಮತ್ತೆ ಕಟ್ಟಲಿಲ್ಲ. ಈ ಸಂಗತಿಯನ್ನು ಹೇಳುವಾಗ ಅವರ ಧ್ವನಿಯಲ್ಲಿ ಗೌರವವಿರುತ್ತಿತ್ತು. ಅವರ ಅಂಚೆಚೀಟಿಗಳ ಸಂಗ್ರಹದಲ್ಲಿ ಆ ದೇಶದ ಒಂದು ಚೀಟಿಯೂ ಇತ್ತು. ಬೆಟ್ಟದ ಮೇಲೊಂದು ಕೋಟೆಯ ಚಿತ್ರ.

ಅವರ ಮಗ ಇಂಜಿನಿಯರನಾಗಿ ಜ್ಯೂರಿಕ್ ನಗರದಲ್ಲಿ ನೆಲೆಸಿದ್ದಾನೆ. ಕಳೆದ ಮಾಘಮಾಸದಲ್ಲಿ ಅವನು ದೂರವಾಣಿಯಲ್ಲಿ ಹೇಳಿದ: ‘ಅಪ್ಪಾಜಿ, ಈ ಬೇಸಿಗೆಗೆ ನೀವಿಬ್ಬರೂ ಬರ್ರಿ. ನೀವು ಜೀವಮಾನ ಪಾಠ ಮಾಡಿದ ದೇಶ ನಮ್ಮ ಮನೆಯಿಂದ ಎರಡು ತಾಸಿನ ಹಾದಿ. ಮೊಮ್ಮಗಳು ನಿಮ್ಮ ಕೈ ಹಿಡಕೊಂಡು ಆ ಕೋಟೆ ತೋರಿಸ್ತಾಳಂತ.’ ಅಂದು ರಾತ್ರಿ ಮಾಸ್ತರರಿಗೆ ನಿದ್ರೆ ಹತ್ತಲಿಲ್ಲ. ಬೆಳಗಾದೊಡನೆ ಹಳೆಯ ನಕಾಶೆ ಪುಸ್ತಕ ಹೊರಬಂದಿತು. ವಾರದೊಳಗೆ ಒಂದು ನೋಟುಪುಸ್ತಕ ತುಂಬಿತು. ಆ ದೇಶಕ್ಕೆ ವಿಮಾನ ನಿಲ್ದಾಣವಿಲ್ಲ; ಜ್ಯೂರಿಕ್‌ನಿಂದ ರೈಲಿನಲ್ಲಿ ಸಾರ್ಗನ್ಸ್‌ವರೆಗೆ ಹೋಗಿ, ಅಲ್ಲಿಂದ ಬಸ್ಸು ಹಿಡಿದು ರೈನ್ ದಾಟಿ ರಾಜಧಾನಿ ವಾಡೂಜ್ ಸೇರಬೇಕು. ನಾಣ್ಯ ಸ್ವಿಸ್ ಫ್ರಾಂಕ್, 1924ರಿಂದಲೂ. ಇವೆಲ್ಲವನ್ನೂ ಅವರು ವಿದ್ಯಾರ್ಥಿಯ ಉತ್ಸಾಹದಿಂದ ಬರೆದಿಟ್ಟರು.

ಒಂದು ಸಂಜೆ, ಹೊತ್ತು ಮುಳುಗುವ ಮುಂಚಿನ ಊಟ ಬಡಿಸುತ್ತಿದ್ದ ಅವರ ಧರ್ಮಪತ್ನಿ ಮೆಲ್ಲನೆ ಕೇಳಿದರು: ‘ಬೆಳಗೊಳದಾಗ ನೀವು ಏನೋ ನೇಮ ಹಿಡಿದಿದ್ರಲ್ಲ, ದಿಕ್ಕಿಂದು? ಅದು ಹ್ಯಾಂಗ?’

ಮಾಸ್ತರರ ಕೈ ತುತ್ತಿನ ಮೇಲೆಯೇ ನಿಂತಿತು.

1993ರ ಡಿಸೆಂಬರಿನಲ್ಲಿ ಶ್ರವಣಬೆಳಗೊಳದಲ್ಲಿ ಬಾಹುಬಲಿ ಸ್ವಾಮಿಯ ಮಹಾಮಸ್ತಕಾಭಿಷೇಕ ನಡೆದಾಗ ಅವರಿಬ್ಬರೂ ಹೋಗಿದ್ದರು. ಅಲ್ಲಿ ಮುನಿಗಳೊಬ್ಬರು ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವನ್ನು ಕುರಿತು ಪ್ರವಚನ ಮಾಡುತ್ತಿದ್ದರು. ಮೇರೆಯೆಂಬುದು ಎಲ್ಲರಿಗೂ ತಿಳಿದ ಗುರುತಿನದಾಗಿರಬೇಕು. ಸಮುದ್ರ, ನದಿ, ಕಾಡು, ಬೆಟ್ಟ, ನಾಡು ಇಲ್ಲವೆ ಇಷ್ಟು ಯೋಜನವೆಂಬ ಲೆಕ್ಕ. ಆ ಮೇರೆಯಾಚೆಗೆ ಶ್ರಾವಕನಿಂದ ಸೂಕ್ಷ್ಮವಾದ ಪಾಪವೂ ನಡೆಯದ ಕಾರಣ, ಅಲ್ಲಿಯ ಮಟ್ಟಿಗೆ ಅವನ ಅಣುವ್ರತಗಳೇ ಮಹಾವ್ರತದಂತಾಗುತ್ತವೆ. ಈ ವಿವರಣೆ ಭೂಗೋಲದ ಮಾಸ್ತರರಿಗೆ ಬಹಳ ಹಿಡಿಸಿತು. ನಕಾಶೆಯ ಮೇಲೆ ಗೆರೆ ಎಳೆಯುವುದೂ ಧರ್ಮವೆಂದು ಅವರು ಅದುವರೆಗೆ ಕೇಳಿರಲಿಲ್ಲ. ಅಂದೇ ಗುರುಗಳ ಮುಂದೆ ಕೈಮುಗಿದು ವ್ರತ ಸ್ವೀಕರಿಸಿದರು.

ಸ್ವೀಕರಿಸಿದ್ದು ನಿಜ. ಆದರೆ ಎಳೆದ ಗೆರೆ ಸರಿಯಾಗಿ ಎಲ್ಲಿತ್ತು? ಅದನ್ನು ಒಂದು ಡೈರಿಯಲ್ಲಿ ಬರೆದಿಟ್ಟಿದ್ದರು. ಆ ಡೈರಿ ಅಟ್ಟದ ಮೇಲಿನ ಟ್ರಂಕಿನಲ್ಲಿರಬೇಕು. ಮರುದಿನ ಅವರು ಟ್ರಂಕು ಇಳಿಸಿ ಹುಡುಕಲು ಕುಳಿತರು. ಹಳೆಯ ಪ್ರಶ್ನೆಪತ್ರಿಕೆಗಳು, ಪಗಾರದ ಚೀಟಿಗಳು, ಮಗನ ಶಾಲೆಯ ಪ್ರಗತಿಪತ್ರಗಳು ಒಂದೊಂದಾಗಿ ಹೊರಬಂದವು. ಕೈ ಹುಡುಕುತ್ತಿದ್ದಂತೆಯೇ ಮನಸ್ಸು, ಡೈರಿ ಸಿಗದಿದ್ದರೆ ಒಳ್ಳೆಯದಿತ್ತು ಎನ್ನುತ್ತಿತ್ತು. ಈ ಮಾತನ್ನು ಅವರೇ ಮುಂದೆ ಸ್ವಾಧ್ಯಾಯಕ್ಕೆ ಕೂಡಿದವರ ಎದುರು ಸಂಕೋಚವಿಲ್ಲದೆ ಒಪ್ಪಿಕೊಂಡರು. ವ್ರತಧಾರಿಯೊಬ್ಬ ತನ್ನ ವ್ರತವನ್ನು ಹುಡುಕುತ್ತಾ, ಅದು ಸಿಗದಿರಲೆಂದು ಹಾರೈಸಿದ ಆ ಅರ್ಧ ತಾಸು ತಮ್ಮ ಬಾಳಿನ ಅತ್ಯಂತ ನಾಚಿಕೆಯ ಅರ್ಧ ತಾಸೆಂದು ಅವರು ಹೇಳಿದರು.

ಡೈರಿ ಸಿಕ್ಕಿತು. ಬರಹ ಸ್ಪಷ್ಟವಾಗಿಯೇ ಇತ್ತು: ಮೂಡಲು, ತೆಂಕಲು, ಪಡುವಲಿಗೆ ಸಮುದ್ರ, ಬಡಗಲಿಗೆ ಹಿಮಾಲಯ, ಮೇಲೆ ತೀರ್ಥಕ್ಷೇತ್ರಗಳ ಬೆಟ್ಟಗಳಷ್ಟು, ಕೆಳಗೆ ಬಾವಿಯ ಆಳದಷ್ಟು. ‘ಯಾವಜ್ಜೀವ’ ಎಂಬ ಶಬ್ದದ ಕೆಳಗೆ ಅವರೇ ಎರಡು ಗೆರೆ ಎಳೆದಿದ್ದರು.

ಸುದ್ದಿ ಬಂಧುಬಳಗಕ್ಕೆ ತಿಳಿಯಿತು. ಬಿಡುಗಡೆಯ ದಾರಿಗಳೂ ಬಂದವು. ಒಬ್ಬ ಆಪ್ತರು, ‘ಮೂವತ್ತು ವರ್ಷದ ಹಿಂದಿನ ಮಾತು, ನಿಮಗೇ ನೆನಪಿರಲಿಲ್ಲ, ಬಿಡಿ’ ಎಂದರು. ಇನ್ನೊಬ್ಬರು, ‘ಪೂರ್ವದ ಕಡೆಗೆ ನೀವು ಹೇಗೂ ಹೋಗುವುದಿಲ್ಲ; ಅಲ್ಲಿ ಕಡಿಮೆ ಮಾಡಿ ಪಶ್ಚಿಮಕ್ಕೆ ಹೆಚ್ಚಿಸಿಕೊಳ್ಳಿ, ಒಟ್ಟು ಅಳತೆ ಅಷ್ಟೇ ಇರುತ್ತದೆ’ ಎಂದು ಲೆಕ್ಕ ತೋರಿಸಿದರು. ಮತ್ತೊಬ್ಬರು, ‘ಒಂದು ಸಲ ದಾಟಿ ಬನ್ನಿ, ಆಮೇಲೆ ಪ್ರಾಯಶ್ಚಿತ್ತ ತೆಗೆದುಕೊಳ್ಳಿ’ ಎಂದರು. ಮಾಸ್ತರರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವನ್ನು ತೆರೆದರು. ದಿಗ್ವ್ರತಕ್ಕೆ ಐದು ಅತಿಚಾರಗಳು: ಮೇಲಣ ಮೇರೆಯನ್ನು ಮೀರುವುದು, ಕೆಳಗಣ ಮೇರೆಯನ್ನು ಮೀರುವುದು, ಅಡ್ಡದಿಕ್ಕುಗಳ ಮೇರೆಯನ್ನು ಮೀರುವುದು, ಕ್ಷೇತ್ರವೃದ್ಧಿ, ಸ್ಮೃತ್ಯಂತರಾಧಾನ. ಒಂದು ದಿಕ್ಕಿನಲ್ಲಿ ಕಳೆದು ಇನ್ನೊಂದರಲ್ಲಿ ಕೂಡಿಸುವುದೇ ಕ್ಷೇತ್ರವೃದ್ಧಿ. ಹಾಕಿಕೊಂಡ ಮೇರೆಯನ್ನು ಮರೆಯುವುದೇ ಸ್ಮೃತ್ಯಂತರಾಧಾನ. ನೆಂಟರು ತೋರಿಸಿದ ದಾರಿಗಳಿಗೆಲ್ಲ ಪ್ರಾಚೀನರು ಮುಂಚೆಯೇ ಹೆಸರಿಟ್ಟುಬಿಟ್ಟಿದ್ದರು! ಮನುಷ್ಯನ ಮನಸ್ಸು ಹೊಸ ವಿಮಾನಗಳನ್ನು ಕಂಡುಹಿಡಿದಿದೆ. ಹೊಸ ನೆಪಗಳನ್ನು ಕಂಡುಹಿಡಿದಿಲ್ಲವೆಂದು ಅವರಿಗೆ ನಗು ಬಂದಿತು.

ಮಗನಿಗೆ ಹೇಳುವಾಗ ಮಾತ್ರ ನಗು ಬರಲಿಲ್ಲ. ಅವನು ಬಹಳ ಹೊತ್ತು ಸುಮ್ಮನಿದ್ದು, ‘ಅಪ್ಪಾಜಿ, ನಿಮಗ ನೇಮ ದೊಡ್ಡದೋ, ಮೊಮ್ಮಗಳು ದೊಡ್ಡಾಕೆಯೋ?’ ಎಂದ. ಈ ಪ್ರಶ್ನೆಗೆ ಸೂತ್ರದಲ್ಲಿ ಉತ್ತರವಿರಲಿಲ್ಲ. ತಂದೆಯಾದವನು ತಾನೇ ಹುಡುಕಬೇಕಾಗಿತ್ತು. ಎರಡು ದಿನ ಅವರು ಯಾರೊಡನೆಯೂ ಹೆಚ್ಚು ಮಾತನಾಡಲಿಲ್ಲ.

ಮೂರನೆಯ ದಿನ ಅವರು ಮಗನಿಗೆ ಹೇಳಿದ ಮಾತಿನ ಸಾರ ಇಷ್ಟು. 1993ರಲ್ಲಿ ಅವರ ಪಗಾರ ತಿಂಗಳ ಕೊನೆಯವರೆಗೆ ಬರುತ್ತಿರಲಿಲ್ಲ. ಪಾಸ್‌ಪೋರ್ಟ್ ಎಂಬುದನ್ನು ಕಣ್ಣಿನಿಂದ ಕಂಡಿರಲಿಲ್ಲ. ಸಮುದ್ರದಾಚೆಗೆ ಹೋಗುವುದಿಲ್ಲವೆಂದು ಅಂದು ಕೈಮುಗಿದದ್ದರಲ್ಲಿ ತ್ಯಾಗವೇನೂ ಇರಲಿಲ್ಲ. ಹಸಿವಿಲ್ಲದವನು ಉಪವಾಸ ಮಾಡಿದಂತೆ, ತನ್ನದಲ್ಲದ್ದನ್ನು ಬಿಟ್ಟಿದ್ದರು. ಇಂದು ಮಗ ಟಿಕೇಟು ಹಿಡಿದು ಕರೆಯುತ್ತಿದ್ದಾನೆ, ಜೀವಮಾನದ ಪಾಠದ ದೇಶ ಕಾಯುತ್ತಿದೆ, ಮೊಮ್ಮಗಳು ಕೈ ಚಾಚಿದ್ದಾಳೆ. ವ್ರತ ಸ್ವೀಕರಿಸಿದ್ದು ಅಂದು. ಅದು ವ್ರತವಾದದ್ದು ಇಂದು. ಬಿಡಲು ಸುಲಭವಿದ್ದಾಗ ಬಿಟ್ಟು, ಬಿಡಲು ಕಷ್ಟವಾದಾಗ ಹಿಡಿದುಕೊಂಡರೆ, ಆ ಮೂವತ್ತು ವರ್ಷಗಳಿಗೂ ಅರ್ಥವಿಲ್ಲ. ಮೊಮ್ಮಗಳ ಮೇಲಿನ ಮಮತೆಗೆ ತಾವು ಮೇರೆ ಹಾಕಿಕೊಂಡಿಲ್ಲ. ತಮ್ಮ ಕಾಲುಗಳಿಗೆ ಹಾಕಿಕೊಂಡಿದ್ದಾರೆ. ಶಿರೂರಿಗೆ ಬರುವುದಕ್ಕೆ ಅವಳಿಗೆ ಯಾವ ದಿಕ್ಕಿನಲ್ಲಿಯೂ ತಡೆಯಿಲ್ಲ.

ಮಗ ಕೂಡಲೇ ಒಪ್ಪಲಿಲ್ಲ. ಮುಂದಿನ ವಾರ, ‘ಹಂಗಾದರ ಅವ್ವನನ್ನರೆ ಕಳಸ್ರಿ’ ಎಂದ.

ಇಲ್ಲಿಯೇ ಮಾಸ್ತರರಿಗೆ ಎರಡನೆಯ ಪರೀಕ್ಷೆ ಎದುರಾಯಿತು. ಪತ್ನಿ ದಿಗ್ವ್ರತ ಹಿಡಿದವರಲ್ಲ. ರಾತ್ರಿಭೋಜನ ತ್ಯಾಗ, ಕಂದಮೂಲ ತ್ಯಾಗ, ಸೋಸಿದ ನೀರು, ಇಷ್ಟೇ ಅವರ ನೇಮಗಳು. ‘ನೀವು ಬರೂದಿಲ್ಲಾಂದ್ರ ನಾನರೆ ಯಾಕ ಹೋಗ್ಲಿ?’ ಎಂದು ಅವರೆಂದಾಗ, ಹೌದೆನ್ನುವುದು ಗಂಡನಿಗೆ ಸುಲಭವಾಗಿತ್ತು. ಆದರೆ ತನ್ನ ವ್ರತದ ಭಾರವನ್ನು ಇನ್ನೊಬ್ಬರ ತಲೆಯ ಮೇಲೆ ಇಡುವವನು ಅದನ್ನು ಪಾಲಿಸಿದಂತಾಗುವುದಿಲ್ಲ. ಮಾಸ್ತರರು, ‘ನೀನು ಹೋಗು. ಹಾದಿ ನಾನು ಬರೆದುಕೊಡುತ್ತೇನೆ’ ಎಂದರು. ಹುಬ್ಬಳ್ಳಿಯಲ್ಲಿರುವ ಮಗಳು ಜೊತೆಗೆ ಹೊರಡುವುದೆಂದಾಯಿತು.

ಅರ್ಧಕ್ಕೆ ನಿಂತಿದ್ದ ನೋಟುಪುಸ್ತಕ ಮತ್ತೆ ತೆರೆಯಿತು. ಈ ಸಲ ಇನ್ನೊಬ್ಬರ ಪ್ರವಾಸಕ್ಕಾಗಿ. ಲೀಖ್ಟೆನ್‌ಸ್ಟೈನ್ 2011ರ ಡಿಸೆಂಬರಿನಲ್ಲಿ ಶೆಂಗೆನ್ ಒಕ್ಕೂಟವನ್ನು ಸೇರಿದುದರಿಂದ, ಸ್ವಿಸ್ ದೂತಾವಾಸದ ಮೂಲಕ ಪಡೆಯುವ ಒಂದೇ ವೀಸಾ ಎರಡೂ ದೇಶಗಳಿಗೆ ಸಾಕು. 30,000 ಯೂರೋಗಳ ವೈದ್ಯಕೀಯ ವಿಮೆ ಕಡ್ಡಾಯ. ಜೂನ್ ತಿಂಗಳಲ್ಲಿ ಅಲ್ಲಿ ಸೂರ್ಯಾಸ್ತ ರಾತ್ರಿ ಒಂಬತ್ತರ ಮೇಲೆ. ಎರಡು ಘಟಿಕೆ, ಎಂದರೆ 48 ನಿಮಿಷ ಮೊದಲೇ ಉಣ್ಣುವ ನೇಮವಿದ್ದರೂ ಎಂಟೂವರೆಯವರೆಗೆ ಅವಕಾಶವುಂಟು. ‘ಬೆಳಕಿದೆಯೆಂದು ಮೂರು ಸಲ ಉಣ್ಣಬೇಕೆಂದಿಲ್ಲ’ ಎಂದು ಮಾಸ್ತರರು ಅದರ ಕೆಳಗೆ ಹಾಸ್ಯವಾಗಿ ಬರೆದರು.

ಆಹಾರದ ಪುಟ ಎಲ್ಲಕ್ಕಿಂತ ದೊಡ್ಡದಾಯಿತು. ಆ ನಾಡಿನ ಹೆಸರಾಂತ ತಿನಿಸು ಹಿಟ್ಟಿನ ಚಿಕ್ಕ ಉಂಡೆಗಳನ್ನು ಚೀಸ್‌ನಲ್ಲಿ ಕಲಸಿ, ಹುರಿದ ಉಳ್ಳಾಗಡ್ಡಿ ಹಾಕಿ ಕೊಡುವಂಥದು. ಹಿಟ್ಟಿಗೆ ಮೊಟ್ಟೆಯೂ ಬೀಳುತ್ತದೆ. ಚೀಸ್ ಹಾಲಿನದೇ ಅಲ್ಲವೆ ಎಂದು ನಮ್ಮವರು ನಂಬಿ ತಿನ್ನುತ್ತಾರೆ. ಆದರೆ ಆಲ್ಪ್ಸ್ ಪ್ರದೇಶದ ಅನೇಕ ಸಾಂಪ್ರದಾಯಿಕ ಚೀಸ್‌ಗಳಲ್ಲಿ ಹಾಲನ್ನು ಹೆಪ್ಪುಗಟ್ಟಿಸಲು ಬಳಸುವ ರೆನೆಟ್ ಎಂಬ ವಸ್ತು, ಕೊಂದ ಎಳಗರುವಿನ ಜಠರದಿಂದ ತೆಗೆದದ್ದು. ಹಸುರು ಗುಡ್ಡದ ಮೇಲೆ ಗಂಟೆ ಕಟ್ಟಿಕೊಂಡು ಮೇಯುವ ಹಸುವಿನ ಚಿತ್ರ ಎಷ್ಟೇ ಸುಂದರವಾಗಿದ್ದರೂ, ವಿಚಾರಿಸದೆ ತಿನ್ನಲಾಗದು. ಆದ್ದರಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಹುರಿದ ಅವಲಕ್ಕಿ ಇವಿಷ್ಟು ಶಿರೂರಿನಿಂದಲೇ ಹೋಗಬೇಕು. ಹಾಲು, ತುಪ್ಪಗಳನ್ನು ಹೊರದೇಶದಿಂದ ಅಲ್ಲಿಗೆ ಒಯ್ಯುವಂತಿಲ್ಲವಾದುದರಿಂದ ತುಪ್ಪದ ಡಬ್ಬಿ ಬೇಡ. ನೀರು ಸೋಸುವ ಬಟ್ಟೆ ಎರಡು. ಅಷ್ಟಾಹ್ನಿಕ ಪರ್ವಕ್ಕೆ ಮುಂಚೆ ಊರು ಸೇರಬೇಕು.

ನೋಡುವ ಸ್ಥಳಗಳನ್ನೂ ಅವರು ಬರೆದುಕೊಟ್ಟರು. ಚೀಟಿಯ ಮೇಲಿನ ಆ ಕೋಟೆ ರಾಜಮನೆತನದ ವಾಸಸ್ಥಾನ. ಒಳಗೆ ಪ್ರವೇಶವಿಲ್ಲ, ಕೆಳಗಿನಿಂದಲೇ ನೋಡಬೇಕು. ಮಾಲ್ಬುನ್ ಎಂಬ ಬೆಟ್ಟದೂರಿಗೆ ಬಸ್ಸು ಹೋಗುತ್ತದೆ. ಸುಮಾರು 1,600 ಮೀಟರು ಎತ್ತರವಾದುದರಿಂದ ಶಾಲು ಬೇಕು. ಆಗಸ್ಟ್ 15 ಆ ದೇಶಕ್ಕೂ ರಾಷ್ಟ್ರೀಯ ದಿನವೆಂಬುದನ್ನು ಮೊಮ್ಮಗಳಿಗೆ ಹೇಳಬೇಕು. ವಾಡೂಜ್‌ನಲ್ಲಿ ಅಂಚೆಚೀಟಿಗಳ ವಸ್ತುಸಂಗ್ರಹಾಲಯವಿದೆ. ಆ ದೇಶದ ಮೊದಲ ಚೀಟಿಗಳು 1912ರವು. ಈ ಸಾಲಿನ ಕೆಳಗೆ ಮಾಸ್ತರರು, ‘ನನಗಾಗಿ ಒಂದು ಚೀಟಿ ತರುವುದು’ ಎಂದು ಬರೆದರು.

ಅಷ್ಟು ಬರೆದ ಮೇಲೆ ಅವರ ಲೇಖನಿ ನಿಂತಿತು. ಸೂತ್ರದಲ್ಲಿ ದಿಗ್ವ್ರತದ ಮರುಸಾಲಿನಲ್ಲಿಯೇ ದೇಶವ್ರತದ ಅತಿಚಾರಗಳಿವೆ. ಮೇರೆಯಾಚೆಯ ವಸ್ತುವನ್ನು ತರಿಸಿಕೊಳ್ಳುವುದು ಆನಯನ. ತನ್ನ ಕೆಲಸಕ್ಕಾಗಿ ಇನ್ನೊಬ್ಬರನ್ನು ಆಚೆಗೆ ಕಳುಹಿಸುವುದು ಪ್ರೇಷ್ಯಪ್ರಯೋಗ. ಅವರು ಹಿಡಿದದ್ದು ದೇಶವ್ರತವಲ್ಲ. ಕಟ್ಟುನಿಟ್ಟಾಗಿ ನೋಡಿದರೆ ದೋಷವಿರಲಿಲ್ಲ. ಆದರೂ ಕಾಲುಗಳನ್ನು ಮನೆಯಲ್ಲಿ ಕೂರಿಸಿ ಆಸೆಯನ್ನು ಹೆಂಡತಿಯ ಚೀಲದಲ್ಲಿ ಕಳುಹಿಸಿದಂತೆ ಅವರಿಗೆ ಅನಿಸಿತು. ಸಾಲನ್ನು ಹೊಡೆದುಹಾಕಿದರು.

ಅದೇ ಹೊತ್ತಿನಲ್ಲಿ ಅವರಿಗೆ ಇನ್ನೊಂದು ಮಾತು ಹೊಳೆಯಿತು. ಡೈರಿಯಲ್ಲಿ ಬರೆದ ಮೇರೆಯೊಳಗೇ ಸಮ್ಮೇದಶಿಖರಜಿ ಇದೆ; ಅವರು ಅದನ್ನು ಇದುವರೆಗೆ ಕಂಡಿಲ್ಲ. ಮನೆಗೆ ಹತ್ತಿರದ ಐಹೊಳೆಯ ಮೇಗುತಿ ಬಸದಿಯನ್ನು, ಕ್ರಿ.ಶ. 634ರಲ್ಲಿ ರವಿಕೀರ್ತಿ ಕಟ್ಟಿಸಿ ಶಾಸನ ಬರೆಸಿದ ಆ ಬಸದಿಯನ್ನು, ನಿವೃತ್ತಿಯ ನಂತರ ಒಮ್ಮೆಯೂ ಹತ್ತಿ ನೋಡಿಲ್ಲ. ಬಾದಾಮಿಯ ನಾಲ್ಕನೆಯ ಗುಹೆಯ ಬಾಹುಬಲಿಯ ಮುಂದೆ ನಿಂತು ಎಷ್ಟು ವರ್ಷಗಳಾದವೋ! ಮೇರೆಯಾಚೆಯ 160 ಚದರ ಕಿಲೋಮೀಟರಿಗಾಗಿ ನಿದ್ರೆಗೆಟ್ಟವರು ಮೇರೆಯೊಳಗಿನ ಇಷ್ಟನ್ನು ಮರೆತಿದ್ದರು. ನೋಟುಪುಸ್ತಕದ ಹೊಸ ಪುಟದಲ್ಲಿ ಅವರು ಇನ್ನೊಂದು ಪ್ರವಾಸದ ಹಾದಿಯನ್ನು ಬರೆಯತೊಡಗಿದರು. ಜುಲೈ ತಿಂಗಳಲ್ಲಿ ಅಲ್ಲಿಯ ಶಾಲೆಗೆ ರಜೆ. ಅಜ್ಜಿಯೊಡನೆ ಮೊಮ್ಮಗಳು ಶಿರೂರಿಗೆ ಬರುವುದೆಂದು ನಿಶ್ಚಯವಾಗಿದೆ. ಮೊದಲ ದಿನ ಐಹೊಳೆ, ಎರಡನೆಯ ದಿನ ಬಾದಾಮಿ, ಮೂರನೆಯ ದಿನ ಪಟ್ಟದಕಲ್ಲಿನ ಜೈನ ದೇವಾಲಯ.

ಪತ್ನಿಯ ಪೆಟ್ಟಿಗೆ ಈಗ ಸಿದ್ಧವಾಗಿದೆ. ನೋಟುಪುಸ್ತಕವನ್ನು ಅದರ ಮೇಲ್ಭಾಗದಲ್ಲಿಯೇ ಇಟ್ಟಿದ್ದಾರೆ. ಹೊಡೆದುಹಾಕಿದ ಸಾಲು ಓದಲು ಬರುವಂತಿಯೇ ಇದೆ ಎಂಬುದನ್ನು ಆ ತಾಯಿ ಕಂಡಿದ್ದಾರೆ, ಮಾತನಾಡಿಲ್ಲ. ವಾಡೂಜ್‌ನಿಂದ ಅಜ್ಜನಿಗೊಂದು ಪತ್ರ ಬರೆಯೆಂದು ಮೊಮ್ಮಗಳಿಗೆ ಯಾರೂ ಹೇಳಿಲ್ಲ. ಬರೆಯಬೇಡವೆಂದೂ ಯಾರೂ ಹೇಳಿಲ್ಲ.