ನೋಡಿ ಕಟ್ಟಿದ ಹಡಗು

ಶಾಲಾ ಪ್ರವಾಸವೆಂದರೆ ಮಕ್ಕಳಿಗೆ ಸಂಭ್ರಮ, ಮಾಸ್ತರರಿಗೆ ತಲೆ ಎಣಿಸುವ ಕೆಲಸ. 2025ರ ಡಿಸೆಂಬರಿನಲ್ಲಿ ಕಲಘಟಗಿ ಕಡೆಯ ನಮ್ಮ ಪ್ರೌಢಶಾಲೆಯ 42 ತಲೆಗಳನ್ನು ಎಣಿಸಿಕೊಂಡು, ಯಲ್ಲಾಪುರ ದಾಟಿ, ಅರಬೈಲು ಘಟ್ಟ ಇಳಿದು ಕಾರವಾರ ಮುಟ್ಟುವಷ್ಟರಲ್ಲಿ ನಾವು ಒಯ್ದಿದ್ದ ನಿಂಬೆಹಣ್ಣುಗಳೆಲ್ಲ ಮುಗಿದಿದ್ದವು. ಆದರೆ ಕಡಲು ಕಂಡದ್ದೇ ತಡ, ಘಟ್ಟದಲ್ಲಿ ಬಾಡಿದ್ದ ಮುಖಗಳೆಲ್ಲ ಅರಳಿದವು.

ಟ್ಯಾಗೋರ್ ಕಡಲತೀರದಲ್ಲಿ 'ಚಪಲ್' ಎಂಬ ಯುದ್ಧದೋಣಿಯನ್ನು ದಂಡೆಗೆ ಏರಿಸಿ ವಸ್ತುಸಂಗ್ರಹಾಲಯ ಮಾಡಿದ್ದಾರೆ. ಸೋವಿಯತ್ ಒಕ್ಕೂಟದಲ್ಲಿ ತಯಾರಾಗಿ 1976ರಲ್ಲಿ ನಮ್ಮ ನೌಕಾಪಡೆಗೆ ಬಂದ ಈ ಕ್ಷಿಪಣಿ ದೋಣಿ 2005ರಲ್ಲಿ ನಿವೃತ್ತವಾಯಿತು. ಇದು ಹಣ ಕೊಟ್ಟು ತಂದ ಸಿದ್ಧ ಸಾಮಾನು. ಮಕ್ಕಳು ಏಣಿ ಹತ್ತಿದರು, ಇಳಿದರು, ಕ್ಷಿಪಣಿಯ ಗೂಡಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡರು.

ಇದರ ಎಷ್ಟೋ ಪಟ್ಟು ದೊಡ್ಡದಾದ 'ತುಶಿಲ್' ಎಂಬ ಯುದ್ಧನೌಕೆ 2024ರ ಡಿಸೆಂಬರ್ 9ರಂದು ರಷ್ಯಾದ ಕಲಿನಿನ್‌ಗ್ರಾದ್‌ನಲ್ಲಿ ನಮ್ಮ ನೌಕಾಪಡೆ ಸೇರಿ, ಮರುವರ್ಷ ಫೆಬ್ರುವರಿಯಲ್ಲಿ ಇದೇ ಕಾರವಾರದ ನೌಕಾನೆಲೆಗೆ ಬಂತು. ಅದರ ತಂಗಿಯರಿಬ್ಬರು ಗೋವಾದಲ್ಲಿ ಹುಟ್ಟಿದ್ದಾರೆ, ನಾಳೆ ನಾವು ಹೋಗುವುದು ಆ ಊರಿಗೇ ಎಂದೆ. ಮಕ್ಕಳಿಗೆ ಹುರುಪು ಬಂತು.

ಮರುದಿನ ಕಾಳಿ ನದಿ ದಾಟಿ, ಮಡಗಾಂವ್ ಮೇಲೆ ಹಾಯ್ದು ವಾಸ್ಕೋ ತಲುಪಿದೆವು. ಜುವಾರಿ ನದಿ ಕಡಲು ಸೇರುವ ಕಡೆಯ ಊರಿದು. ಇಲ್ಲಿನ ಗೋವಾ ಶಿಪ್‌ಯಾರ್ಡನ್ನು 1957ರಲ್ಲಿ ಆರಂಭಿಸಿದವರು ಪೋರ್ಚುಗೀಸರು. ಆಗ ಕಟ್ಟುತ್ತಿದ್ದದ್ದು ಗಣಿಯ ಅದಿರು ಸಾಗಿಸುವ ಬಾರ್ಜ್‌ಗಳನ್ನು. ಅದೇ ಕಾರ್ಖಾನೆ 2024ರ ಜುಲೈ 23ರಂದು 'ತ್ರಿಪುಟ್' ಎಂಬ ಕ್ಷಿಪಣಿ ಫ್ರಿಗೇಟನ್ನೂ 2025ರ ಮಾರ್ಚ್ 22ರಂದು 'ತವಸ್ಯ' ಎಂಬ ಇನ್ನೊಂದನ್ನೂ ನೀರಿಗಿಳಿಸಿತು. ತವಸ್ಯ ಎಂಬುದು ಭೀಮನ ಗದೆಯ ಹೆಸರು.

ಒಳಗೆ ಹೋಗಲು ಪ್ರವಾಸಿಗರಿಗೆ ಅವಕಾಶವಿಲ್ಲ. ಗೋಡೆಯ ಆಚೆ ಕ್ರೇನುಗಳ ತಲೆ ಮಾತ್ರ ಕಂಡವು. ಮಕ್ಕಳ ಮುಖ ಸಪ್ಪಗಾಯಿತು. ಕಾಣದ್ದನ್ನು ಲೆಕ್ಕದಲ್ಲಿ ಕಾಣಿಸುವುದು ವಿಜ್ಞಾನದ ಮಾಸ್ತರನ ಕಸುಬಲ್ಲವೇ? ಒಂದು ಮರದ ನೆರಳಿನಲ್ಲಿ ಎಲ್ಲರನ್ನೂ ಕೂರಿಸಿದೆ.

ಫ್ರಿಗೇಟ್ ಎಂದರೆ ಮಧ್ಯಮ ಗಾತ್ರದ ಯುದ್ಧನೌಕೆ. ಜಲಾಂತರ್ಗಾಮಿ, ವಿಮಾನ, ಶತ್ರುನೌಕೆ ಈ ಮೂರರ ಜೊತೆಗೂ ಸೆಣಸಬಲ್ಲದು. ತ್ರಿಪುಟ್ ಉದ್ದ 124.8 ಮೀಟರ್. ನಮ್ಮ ಶಾಲೆಯ ನೂರು ಮೀಟರ್ ಓಟ ಮುಗಿದ ಮೇಲೂ ಇನ್ನೊಂದು ಕಾಲು ಭಾಗ ಓಡಬೇಕು. ಅಗಲ 15.2 ಮೀಟರ್. ತೂಕ ಸುಮಾರು 3,600 ಟನ್. ಆರ್ಕಿಮಿಡೀಸನ ತತ್ವ ಏನು ಹೇಳುತ್ತದೆ? ತೇಲುವ ವಸ್ತು ತನ್ನ ತೂಕದಷ್ಟೇ ನೀರನ್ನು ಪಕ್ಕಕ್ಕೆ ಸರಿಸುತ್ತದೆ. ಒಂದು ಘನಮೀಟರ್ ಕಡಲ ನೀರಿನ ತೂಕ ಸುಮಾರು 1,025 ಕಿಲೋ. ಹಾಗಾದರೆ ಈ ಹಡಗು ಸರಿಸುವ ನೀರು ಸುಮಾರು 3,500 ಘನಮೀಟರ್. ವೇಗ 28 ನಾಟ್, ಎಂದರೆ ಗಂಟೆಗೆ ಸುಮಾರು 52 ಕಿಲೋಮೀಟರ್. "ನಮ್ಮ ಬಸ್ಸಿಗಿಂತ ಜೋರ್ರಿ" ಎಂದ ಒಬ್ಬ. ಹಡಗಿನ ಬದಿಗಳು ಇಳಿಜಾರಾಗಿರುವುದೇಕೆ ಎಂಬುದನ್ನೂ ಹೇಳಿದೆ. ಓರೆಯಾಗಿ ಹಿಡಿದ ಕನ್ನಡಿಯಂತೆ, ಅವು ತಮ್ಮ ಮೇಲೆ ಬಿದ್ದ ರೇಡಾರ್ ಅಲೆಗಳನ್ನು ಬೇರೆ ದಿಕ್ಕಿಗೆ ತಳ್ಳುತ್ತವೆ. ಬಂದ ದಾರಿಯಲ್ಲಿ ಮರಳುವ ಅಲೆ ಕಡಿಮೆಯಾದಷ್ಟೂ ಹಡಗು ಶತ್ರುವಿಗೆ ಚಿಕ್ಕದಾಗಿ ಕಾಣುತ್ತದೆ.

ಇದರ ವಿನ್ಯಾಸ ಸೇಂಟ್ ಪೀಟರ್ಸ್‌ಬರ್ಗಿನದು. ರಷ್ಯಾದ ತಂತ್ರಜ್ಞಾನ ಪಡೆದು ಇಲ್ಲಿ ಕಟ್ಟುವ ಒಪ್ಪಂದಕ್ಕೆ 2019ರ ಜನವರಿಯಲ್ಲಿ ಸಹಿ ಬಿತ್ತು ಎಂದು ಹೇಳುತ್ತಿದ್ದಂತೆ, ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತಳು.

"ಅವರ ನಕ್ಷೆ ನೋಡಿ ನಾವು ಕಟ್ಟಿದ್ರ, ಅದು ಕಾಪಿ ಹೊಡದಂಗ ಆಗಲಿಲ್ಲೇನ್ರಿ ಸರ್?"

ಮಕ್ಕಳು ನಕ್ಕರು. ನನಗೆ ನಗು ಬರಲಿಲ್ಲ. ಆ ಪ್ರಶ್ನೆಯ ಹಿಂದಿದ್ದದ್ದು ನಮ್ಮಿಬ್ಬರಿಗೂ ಗೊತ್ತಿತ್ತು. ಅಕ್ಟೋಬರಿನಲ್ಲಿ ಅವಳು ತಂದಿದ್ದ ವಿದ್ಯುತ್ ಕರೆಗಂಟೆಯ ಮಾದರಿ ನೋಡಿ, "ಇದು ನಿಮ್ಮಕ್ಕ ಮೂರು ವರ್ಷದ ಹಿಂದೆ ಮಾಡಿದ್ದರ ಕಾಪಿ" ಎಂದು ಹತ್ತಕ್ಕೆ ಎರಡು ಅಂಕ ಹಾಕಿದ್ದೆ. ಅವಳನ್ನು ಒಂದು ಮಾತೂ ಕೇಳಿರಲಿಲ್ಲ.

ಉತ್ತರವಾಗಿ ಮುಂಬಯಿಯ ಮಜಗಾಂವ್ ಡಾಕ್‌ನ ಕಥೆ ಹೇಳಿದೆ. ಬ್ರಿಟನ್ನಿನ ಲಿಯಾಂಡರ್ ಮಾದರಿಯ ನಕ್ಷೆಗೆ ಪರವಾನಗಿ ಪಡೆದು ಅಲ್ಲಿ ಕಟ್ಟಿದ ಮೊದಲ ಫ್ರಿಗೇಟ್ 'ನೀಲಗಿರಿ'. 1968ರಲ್ಲಿ ನೀರಿಗಿಳಿದು 1972ರಲ್ಲಿ ನೌಕಾಪಡೆ ಸೇರಿತು. ಅದೇ ಬಗೆಯ ಆರು ಹಡಗುಗಳನ್ನು ಕಟ್ಟಿದರು. ಆದರೆ ಕೊನೆಯ ಎರಡು, 'ತಾರಾಗಿರಿ' ಮತ್ತು 'ವಿಂಧ್ಯಗಿರಿ', ಮೊದಲಿನವುಗಳಂತಿರಲಿಲ್ಲ. ದೊಡ್ಡದಾದ ಸೀಕಿಂಗ್ ಹೆಲಿಕಾಪ್ಟರ್ ಇಳಿಯಲೆಂದು ನಮ್ಮವರು ವಿನ್ಯಾಸವನ್ನು ತಿದ್ದಿದ್ದರು. ಹಾಗೆ ತಿದ್ದಲು ಬಂದದ್ದು, ಯಾವ ತಟ್ಟೆ ಏಕೆ ಅಷ್ಟು ದಪ್ಪ, ಯಾವ ಭಾರ ಎಲ್ಲಿ ಕೂರಬೇಕು ಎಂಬುದು ಕಟ್ಟುತ್ತ ಕಟ್ಟುತ್ತ ಕೈಗೆ ತಿಳಿದದ್ದರಿಂದ. 1983ರಲ್ಲಿ ಬಂದ 'ಗೋದಾವರಿ' ನಮ್ಮ ನೌಕಾಪಡೆಯೇ ವಿನ್ಯಾಸ ಮಾಡಿದ ಫ್ರಿಗೇಟ್. 2025ರ ಜನವರಿ 15ರಂದು ಅದೇ ಮಜಗಾಂವ್‌ನಲ್ಲಿ ಕಟ್ಟಿದ ಹೊಸ 'ನೀಲಗಿರಿ' ಸೇವೆಗೆ ಸೇರಿತು. ಹೆಸರು ಹಳೆಯದು, ವಿನ್ಯಾಸ ನಮ್ಮದು.

"ಹಂಗಾದ್ರ ಗೋವಾದಾಗ ಮತ್ತ ಯಾಕ ಅವರ ನಕ್ಷೆ ತಂದ್ರು?" ಅವಳು ಬಿಡಲಿಲ್ಲ. ಕೇಳಬೇಕಾದ ಪ್ರಶ್ನೆಯೇ. ಈ ವಂಶದ ಆರು ಹಡಗುಗಳು 2003ರಿಂದ 2013ರೊಳಗೆ ರಷ್ಯಾದಿಂದಲೇ ಬಂದಿದ್ದವು. ನಮ್ಮ ನಾವಿಕರಿಗೆ ಅವುಗಳ ಪರಿಚಯವಿದೆ. ಆದರೆ ಗೋವಾದ ಕಾರ್ಖಾನೆಗೆ ಇಂಥ ಫ್ರಿಗೇಟ್ ಕಟ್ಟಿ ಅಭ್ಯಾಸವಿರಲಿಲ್ಲ. ಅಣ್ಣ ಈಜು ಕಲಿತರೆ ತಮ್ಮ ಕಲಿತಂತಾಗುವುದಿಲ್ಲ. ತಮ್ಮನೂ ನೀರಿಗಿಳಿಯಬೇಕು.

ನೋಡಿ ಕಟ್ಟುವುದರ ತೊಡಕನ್ನೂ ಮುಚ್ಚಿಡಲಿಲ್ಲ. ಈ ಹಡಗುಗಳ ಗ್ಯಾಸ್ ಟರ್ಬೈನ್ ಎಂಜಿನ್ ತಯಾರಾಗುವುದು ಉಕ್ರೇನಿನಲ್ಲಿ. 2014ರ ನಂತರ ಉಕ್ರೇನು ರಷ್ಯಾಕ್ಕೆ ಎಂಜಿನ್ ಕೊಡಲು ಒಪ್ಪಲಿಲ್ಲ. ನಾವೇ ಉಕ್ರೇನಿನಿಂದ ಕೊಂಡು, ರಷ್ಯಾದಲ್ಲಿ ಕಟ್ಟುತ್ತಿದ್ದ ಹಡಗುಗಳಿಗೆ ಒದಗಿಸಬೇಕಾಯಿತು. 2022ರಲ್ಲಿ ಆ ಎರಡು ದೇಶಗಳ ನಡುವೆ ಪೂರ್ಣ ಪ್ರಮಾಣದ ಯುದ್ಧವೇ ಆರಂಭವಾಯಿತು. ನಕ್ಷೆ ಒಬ್ಬರದು, ಎಂಜಿನ್ ಅವರ ವೈರಿಯದು. ಎರವಲು ತಂದವರು ಕೊಟ್ಟವರ ಮನೆಯ ಜಗಳಕ್ಕೂ ಸಿಕ್ಕಿಕೊಳ್ಳುತ್ತಾರೆ. ನೋಡಿ ಕಟ್ಟುವುದು ತಪ್ಪಲ್ಲ, ಅಲ್ಲಿಗೇ ನಿಲ್ಲುವುದು ತಪ್ಪು.

ಮರಳುವಾಗ ಆ ಹುಡುಗಿಯನ್ನು ಮುಂದಿನ ಸೀಟಿಗೆ ಕರೆದು, ಅಕ್ಟೋಬರಿನಲ್ಲೇ ಕೇಳಬೇಕಿದ್ದ ಪ್ರಶ್ನೆ ಕೇಳಿದೆ: "ನಿನ್ನ ಗಂಟೆ ಬಡೀತಾನೇ ಇರ್ತದಲ್ಲ, ಯಾಕ?"

ಹೇಳಿದಳು. ವಿದ್ಯುತ್ ಹರಿದಾಗ ಕಾಂತ ಬಡಿಗೆಯನ್ನು ಎಳೆಯುತ್ತದೆ, ಎಳೆದ ಕೂಡಲೇ ಮಂಡಲ ಕಡಿಯುತ್ತದೆ, ಕಾಂತತ್ವ ಹೋಗಿ ಬಡಿಗೆ ಹಿಂದಕ್ಕೆ ಬರುತ್ತದೆ, ಮತ್ತೆ ವಿದ್ಯುತ್ ಹರಿಯುತ್ತದೆ. ಆಮೇಲೆ ಮೆಲ್ಲಗೆ, "ಅಕ್ಕನ ಗಂಟಿ ನಡುವ ನಿಂತುಬಿಡ್ತಿತ್ರಿ ಸರ್. ಅಕಿ ಉಕ್ಕಿನ ಬೋಲ್ಟ್ ಹಾಕಿದ್ಲು, ಅದರಾಗ ಕಾಂತ ಉಳೀತಿತ್ತು. ನಾ ಗೌಂಡಿ ಮಂದಿ ಕಬ್ಬಿಣ ಕಟ್ಟೋ ಮೆತ್ತನ್ನ ತಂತಿ ಕಟ್ಟುಮಾಡಿ ಹಾಕೀನ್ರಿ" ಎಂದಳು.

ಮೆದು ಕಬ್ಬಿಣ ಕಾಂತತ್ವವನ್ನು ಬೇಗ ಬಿಟ್ಟುಕೊಡುತ್ತದೆ, ಉಕ್ಕು ಹಿಡಿದಿಟ್ಟುಕೊಳ್ಳುತ್ತದೆ. ಇದನ್ನು ನಾನು ಎಷ್ಟೋ ವರ್ಷಗಳಿಂದ ನೋಟ್ಸ್ ಆಗಿ ಬರೆಸುತ್ತಿದ್ದೇನೆ. ಅವಳು ಕೈಯಿಂದ ಕಂಡುಕೊಂಡಿದ್ದಳು. ತಾರಾಗಿರಿಯನ್ನು ನೋಡಲು ನಾನು ಅಷ್ಟು ದೂರ ಹೋಗಬೇಕಿರಲಿಲ್ಲ, ಅದು ನನ್ನ ತರಗತಿಯಲ್ಲೇ ಇತ್ತು.

ಊರಿಗೆ ಬಂದ ಮೇಲೆ ಅಂಕದ ವಹಿ ತೆಗೆದು ಎರಡನ್ನು ಒಂಬತ್ತು ಮಾಡಿದೆ, ತರಗತಿಯ ಎದುರಿಗೇ ಕಾರಣವನ್ನೂ ಹೇಳಿದೆ. ಒಂದು ಅಂಕ ಕಡಿದದ್ದು ತಂತಿಯ ಜೋಡಣೆ ಸಡಿಲವಾಗಿತ್ತೆಂದು. ಅವಳೂ ಒಪ್ಪಿದಳು.

ಪಾಲಕರಲ್ಲಿ ಒಂದು ಮಾತು. ವಿಜ್ಞಾನ ಮಾದರಿಗಳು ಈಗ ಅಂಗಡಿಯಲ್ಲಿ ಸಿದ್ಧವಾಗಿಯೇ ಸಿಗುತ್ತವೆ. ತಂದುಕೊಟ್ಟರೂ ಅಡ್ಡಿಯಿಲ್ಲ. ಶಾಲೆಗೆ ಒಯ್ಯುವ ಮೊದಲು ಮಗು ಅದನ್ನು ಒಂದು ಸಲ ಪೂರ್ತಿ ಬಿಚ್ಚಿ, ತಾನೇ ಜೋಡಿಸಲಿ. ಒಂದೆರಡು ಸ್ಕ್ರೂ ಉಳಿದರೆ ಉಳಿಯಲಿ. ಕಲಿಕೆ ಶುರುವಾಗುವುದು ಆ ಉಳಿದ ಸ್ಕ್ರೂವಿನಿಂದಲೇ.